ಜಾಗ ಹಿಡಿಯದ ಶಿಲ್ಪ

ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ರೈಲು ಹಿಡಿದರೆ ಹಡ್ಸನ್ ನದಿಯ ದಡದಲ್ಲಿ ಬೀಕನ್ ಎಂಬ ಸಣ್ಣ ಊರು ಸಿಗುತ್ತದೆ. ಬಿಸ್ಕತ್ತು ತಯಾರಿಸುವ ನಬಿಸ್ಕೋ ಕಂಪನಿ ತನ್ನ ರಟ್ಟಿನ ಡಬ್ಬಿಗಳನ್ನು ಮುದ್ರಿಸಲೆಂದು 1929ರಲ್ಲಿ ಅಲ್ಲೊಂದು ಕಾರ್ಖಾನೆ ಕಟ್ಟಿಸಿತ್ತು. 2003ರ ಮೇ ತಿಂಗಳಿನಿಂದ ಅದು ಡಿಯಾ ಬೀಕನ್ ಎಂಬ ಕಲಾ ಸಂಗ್ರಹಾಲಯ. ಚಾವಣಿಯ ಗಾಜಿನಿಂದ ಇಳಿಯುವ ಹಗಲು ಬೆಳಕು, ಬಿಳಿ ಗೋಡೆಗಳು, ಬೇಕಾದಷ್ಟು ಖಾಲಿ ಜಾಗ. ಅದರ ಒಂದು ಭಾಗಕ್ಕೆ ನಡೆಯುತ್ತಾ ಬಂದವರು ತಟ್ಟನೆ ನಿಲ್ಲುತ್ತಾರೆ. ಎದುರಿಗೆ ಆಳೆತ್ತರವನ್ನು ಮೀರಿದ ಗಾಜಿನ ಹಲಗೆಯೊಂದು ನಿಂತಂತಿದೆ. ಇನ್ನೆರಡು ಹೆಜ್ಜೆ ಮುಂದೆ ಹೋದರೆ ಗಾಜಿಲ್ಲ. ನೆಲಕ್ಕೂ ಚಾವಣಿಗೂ ಬಿಗಿದು ಕಟ್ಟಿದ ನೂಲಿನ ಎಳೆ ಇದೆ, ನಡುವೆ ಗಾಳಿ ಇದೆ, ಅಷ್ಟೆ. ಹಾಗೆಂದು ಗೊತ್ತಾದ ಮೇಲೂ ಆ ಚೌಕಟ್ಟಿನ ನಡುವಿನಿಂದ ದಾಟಲು ಮನಸ್ಸು ಒಪ್ಪುವುದಿಲ್ಲ. ಸುತ್ತಿ ಬಳಸಿ ಹೋಗುವವರೇ ಹೆಚ್ಚು.

ಈ ನೂಲನ್ನು ಕಟ್ಟಿದವರು ಫ್ರೆಡ್ ಸ್ಯಾಂಡ್‌ಬ್ಯಾಕ್. 1943ರಲ್ಲಿ ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ ಹುಟ್ಟಿದವರು, ಡಿಯಾ ಬೀಕನ್ ಬಾಗಿಲು ತೆರೆದ ಮರು ತಿಂಗಳೇ, 2003ರ ಜೂನ್‌ನಲ್ಲಿ ತೀರಿಕೊಂಡರು. ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಅವರು ಮಾಡಿದ್ದು ಬಹುಮಟ್ಟಿಗೆ ಒಂದೇ ಕೆಲಸ: ಒಂದು ಕೋಣೆಗೆ ಹೋಗುವುದು, ಅದರ ಗೋಡೆ, ಮೂಲೆ, ಚಾವಣಿಗಳನ್ನು ನೋಡುವುದು, ಅಲ್ಲಿಗೆ ಒಪ್ಪುವಂತೆ ಕೆಲವು ಎಳೆ ನೂಲನ್ನು ಬಿಗಿದು ಕಟ್ಟುವುದು. ಇದನ್ನು ಅವರು ಶಿಲ್ಪವೆಂದೇ ಕರೆದರು. ಕಲ್ಲಿಲ್ಲ, ಲೋಹವಿಲ್ಲ, ತೂಕವಿಲ್ಲ, ಒಳಗು ಹೊರಗು ಎಂಬುದೂ ಇಲ್ಲ. ಪ್ರದರ್ಶನ ಮುಗಿದ ಮೇಲೆ ಉಳಿಯುವುದು ಅಂಗೈಯಲ್ಲಿ ಹಿಡಿಸುವಷ್ಟು ನೂಲು ಮತ್ತು ಗೋಡೆಯಲ್ಲಿ ಸೂಜಿಮೊನೆಯಂಥ ತೂತುಗಳು.

ಇಂಥ ಕಲೆಯ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ, ‘ಇದೂ ಒಂದು ಕಲೆಯೇ?’ ಎಂಬುದು. ಆ ಪ್ರಶ್ನೆಗೆ ಅರವತ್ತು ವರ್ಷ ವಯಸ್ಸಾಗಿದೆ. ಅದರಿಂದ ಹೊಸದೇನೂ ಹುಟ್ಟುತ್ತಿಲ್ಲ. ಸ್ಯಾಂಡ್‌ಬ್ಯಾಕ್ ಅವರ ಕೆಲಸ ಕೇಳುವ ಪ್ರಶ್ನೆ ಬೇರೆ, ಮತ್ತು ಅದು ಕಲಾ ಸಂಗ್ರಹಾಲಯದ ಆಚೆಗೂ ಚಾಚಿಕೊಂಡಿದೆ. ಹತ್ತು ಜನ ನಡೆದಾಡುವ ಜಾಗದಲ್ಲಿ ಒಬ್ಬರು ತಮ್ಮ ಗುರುತು ಮೂಡಿಸಬೇಕಾದರೆ ಆ ಜಾಗವನ್ನು ಆಕ್ರಮಿಸಲೇಬೇಕೆ? ಆಕ್ರಮಿಸದೆಯೂ ಒಂದು ಸ್ಥಳವನ್ನು ಸ್ಥಳವಾಗಿಸಬಹುದು ಎಂಬುದಕ್ಕೆ ಇಪ್ಪತ್ತನೆಯ ಶತಮಾನದ ಶಿಲ್ಪಕಲೆಯಲ್ಲಿ ಇದಕ್ಕಿಂತ ಸರಳವಾದ ಸಾಕ್ಷಿ ಇನ್ನೊಂದಿಲ್ಲ.

ನೂಲಿನ ಉಂಡೆ

ಸ್ಯಾಂಡ್‌ಬ್ಯಾಕ್ ಮೊದಲು ಓದಿದ್ದು ತತ್ತ್ವಶಾಸ್ತ್ರ, ಯೇಲ್ ವಿಶ್ವವಿದ್ಯಾಲಯದಲ್ಲಿ. 1966ರಲ್ಲಿ ಅದನ್ನು ಮುಗಿಸಿ ಅಲ್ಲಿಯೇ ಶಿಲ್ಪಕಲೆಗೆ ಸೇರಿದರು. ಯೌವನದಲ್ಲಿ ಬ್ಯಾಂಜೊ, ಡಲ್ಸಿಮರ್‌ನಂಥ ತಂತಿವಾದ್ಯಗಳನ್ನು ಕೈಯಾರೆ ಮಾಡುತ್ತಿದ್ದರು. ಬಿಗಿದ ತಂತಿ ಸುಮ್ಮನಿರುವುದಿಲ್ಲ, ಅದರ ಎರಡು ತುದಿಗಳ ನಡುವಿನ ಜಾಗವೂ ಬಿಗಿಯಾಗುತ್ತದೆ ಎಂಬುದು ಅವರ ಬೆರಳಿಗೆ ಮೊದಲೇ ಗೊತ್ತಿತ್ತು ಎನ್ನಬಹುದು.

ಯೇಲ್‌ನಲ್ಲಿ ಆಗ ಡೊನಾಲ್ಡ್ ಜಡ್, ರಾಬರ್ಟ್ ಮಾರಿಸ್ ಅವರಂಥ ಮಿನಿಮಲಿಸ್ಟ್ ಕಲಾವಿದರು ಬಂದು ಪಾಠ ಹೇಳುತ್ತಿದ್ದರು. ಶಿಲ್ಪವೆಂದರೆ ತುಂಡುಗಳನ್ನು ಜೋಡಿಸಿ, ಒಂದಕ್ಕೊಂದು ತೂಗಿಸಿ ನಿಲ್ಲಿಸುವ ಕೆಲಸ ಎಂಬ ಹಳೆಯ ನಂಬಿಕೆ ಸಡಿಲಗೊಳ್ಳುತ್ತಿದ್ದ ಕಾಲವದು. ಈ ಜೋಡಣೆಯ ಗೋಜಲಿನ ಬಗ್ಗೆ ವಿದ್ಯಾರ್ಥಿ ಸ್ಯಾಂಡ್‌ಬ್ಯಾಕ್ ಗೊಣಗುತ್ತಿದ್ದಾಗ ಶಿಲ್ಪಿ ಜಾರ್ಜ್ ಶುಗರ್‌ಮನ್, ಅಷ್ಟೊಂದು ಬೇಸರವಾಗಿದ್ದರೆ ಒಂದು ದಾರದ ಉಂಡೆ ತೆಗೆದುಕೊಂಡು ಒಂದು ಗೆರೆ ಎಳೆದು ಮುಗಿಸಿಬಿಡಬಾರದೇ ಎಂದರಂತೆ. ಅರ್ಧ ತಮಾಷೆಗೆ ಹೇಳಿದ ಮಾತು. ಶಿಷ್ಯ ಅದನ್ನು ಅಕ್ಷರಶಃ ಪಾಲಿಸಿದರು. ಮರದ ದಿಮ್ಮಿ ಅಂಗಡಿಗಳಲ್ಲಿ ಸಿಗುವ ಎರಡಿಂಚು–ನಾಲ್ಕಿಂಚಿನ ರೀಪು ನೆಲದ ಮೇಲೆ ಬಿದ್ದಿದ್ದರೆ ಅದರ ಅಂಚುಗಳು ಹೇಗೆ ಕಾಣುತ್ತವೋ ಹಾಗೆ ದಾರ ಮತ್ತು ಸ್ವಲ್ಪ ತಂತಿಯಲ್ಲಿ ಅದರ ಹೊರಗೆರೆಯನ್ನಷ್ಟೇ ಮಾಡಿಟ್ಟರು. ರೀಪು ಇಲ್ಲ, ಆದರೆ ಅದರ ಜಾಗ ಇದೆ. ಅವರ ಮುಂದಿನ ಬದುಕಿನ ಕೆಲಸವೆಲ್ಲ ಅಲ್ಲಿಂದ ಹೊರಟಿತು. ವಿದ್ಯಾರ್ಥಿಯಾಗಿರುವಾಗಲೇ, 1968ರಲ್ಲಿ, ಜರ್ಮನಿಯ ಡ್ಯುಸೆಲ್‌ಡಾರ್ಫ್ ಮತ್ತು ಮ್ಯೂನಿಕ್‌ಗಳಲ್ಲಿ ಅವರ ಏಕವ್ಯಕ್ತಿ ಪ್ರದರ್ಶನಗಳು ನಡೆದವು.

ಮೊದಮೊದಲು ಉಕ್ಕಿನ ತಂತಿ, ಎಲಾಸ್ಟಿಕ್ ದಾರಗಳನ್ನು ಬಳಸಿದರು. ಎಪ್ಪತ್ತರ ದಶಕದಿಂದ ಆಕ್ರಿಲಿಕ್ ನೂಲಿಗೆ ಬಂದರು. ಸ್ವೆಟರ್ ಹೆಣೆಯುವವರು ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೇಳಿ ಕೊಳ್ಳುವಂಥ ಅಗ್ಗದ ನೂಲು. ಈ ಆಯ್ಕೆಯ ಹಿಂದೆ ಲೆಕ್ಕಾಚಾರವಿದೆ. ತಂತಿ ಹೊಳೆಯುತ್ತದೆ, ಅದರ ಅಂಚು ಚೂಪು. ಕಣ್ಣು ತಂತಿಯನ್ನೇ ನೋಡುತ್ತದೆ. ನೂಲಿನ ಮೈಮೇಲೆ ಸಣ್ಣ ನವಿರುಗಳಿರುತ್ತವೆ. ಅವು ಬೆಳಕನ್ನು ಹೀರಿಕೊಂಡು ಗೆರೆಯ ಅಂಚನ್ನು ಮೆದುಗೊಳಿಸುತ್ತವೆ. ಒಂದಿಷ್ಟು ದೂರದಲ್ಲಿ ನಿಂತರೆ ನೂಲು ವಸ್ತುವೋ ಗಾಳಿಯಲ್ಲಿ ಎಳೆದ ಬಣ್ಣದ ಗೆರೆಯೋ ತಿಳಿಯುವುದಿಲ್ಲ. ಆಗ ಕಣ್ಣು ನೂಲನ್ನು ಬಿಟ್ಟು ಅದು ಸುತ್ತುವರಿದ ಜಾಗವನ್ನು ನೋಡತೊಡಗುತ್ತದೆ. ಗಾಜಿಲ್ಲದ ಕಡೆ ಗಾಜು ಕಾಣುವುದು ಹೀಗೆ.

ಇದನ್ನು ಕಣ್ಕಟ್ಟು ಎಂದು ಕರೆದರೆ ಸ್ಯಾಂಡ್‌ಬ್ಯಾಕ್ ಒಪ್ಪುತ್ತಿರಲಿಲ್ಲ. ಕಣ್ಕಟ್ಟಿನಲ್ಲಿ ಸಾಧನ ಅಡಗಿರಬೇಕು. ಇಲ್ಲಿ ಎಲ್ಲವೂ ಬಯಲಿನಲ್ಲಿದೆ. ನೂಲು ಎಲ್ಲಿ ಗೋಡೆಗೆ ಸೇರಿದೆ, ಎಲ್ಲಿ ನೆಲಕ್ಕೆ ಇಳಿದಿದೆ ಎಂಬುದನ್ನು ಮಗು ಕೂಡ ತೋರಿಸಬಲ್ಲದು. ಗುಟ್ಟು ಗೊತ್ತಾದ ಮೇಲೂ ಅನುಭವ ಕರಗುವುದಿಲ್ಲ. ಮತ್ತೆ ಹಿಂದೆ ಸರಿದು ನಿಂತರೆ ಮತ್ತೆ ಅದೇ ಗಾಜು.

ತಮ್ಮ ಕೆಲಸ ನಡೆಯುವ ತಾಣವನ್ನು ಅವರು ‘ಪೆಡೆಸ್ಟ್ರಿಯನ್ ಸ್ಪೇಸ್’ ಎಂದು ಕರೆದರು. ಆ ಇಂಗ್ಲಿಷ್ ಪದಕ್ಕೆ ಕಾಲ್ನಡಿಗೆಯವರು ಎಂಬ ಅರ್ಥವೂ ಇದೆ, ತೀರಾ ಸಾಮಾನ್ಯವಾದದ್ದು ಎಂಬ ಅರ್ಥವೂ ಇದೆ. ಅವರಿಗೆ ಎರಡೂ ಬೇಕಿತ್ತು. ಪೀಠದ ಮೇಲೆ ಏರಿ ಕೂರುವ ಶಿಲ್ಪ ನೋಡುಗರ ಜಾಗಕ್ಕೆ ಸೇರಿದ್ದಲ್ಲ. ಅದಕ್ಕೆ ತನ್ನದೇ ಲೋಕ. ನೂಲಿನ ಶಿಲ್ಪ ನಿಂತಿರುವುದು ನೋಡುಗರು ನಿಂತ ನೆಲದಲ್ಲೇ. ನಡುವೆ ಹಗ್ಗ ಕಟ್ಟಿ ‘ಮುಟ್ಟಬೇಡಿ’ ಎಂಬ ಫಲಕ ತೂಗಿಬಿಟ್ಟರೆ ಶಿಲ್ಪ ಯಾವುದು, ಕಾವಲಿನ ಹಗ್ಗ ಯಾವುದು ಎಂದು ಗೊಂದಲವಾದೀತು.

ಅದೇ 1981ರಲ್ಲಿ

ಸ್ಥಳಕ್ಕೆಂದೇ ಹುಟ್ಟಿದ ಕಲೆ, ಅಂದರೆ ಇಂಗ್ಲಿಷಿನಲ್ಲಿ ಸೈಟ್-ಸ್ಪೆಸಿಫಿಕ್ ಎನ್ನುವುದು, ಒಂದೇ ಬಗೆಯದಲ್ಲ. ಇದನ್ನು ತಿಳಿಯಲು 1981ನೆಯ ವರ್ಷವನ್ನು ನೋಡಿದರೆ ಸಾಕು.

ಆ ವರ್ಷ ಮ್ಯಾನ್‌ಹಟನ್‌ನ ಫೆಡರಲ್ ಪ್ಲಾಜಾ ಎಂಬ ಸರ್ಕಾರಿ ಕಚೇರಿಗಳ ಅಂಗಳದಲ್ಲಿ ರಿಚರ್ಡ್ ಸೆರ್ರಾ ಅವರ ‘ಟಿಲ್ಟೆಡ್ ಆರ್ಕ್’ ಎದ್ದು ನಿಂತಿತು. 120 ಅಡಿ ಉದ್ದ, 12 ಅಡಿ ಎತ್ತರದ, ತುಸು ಬಾಗಿ ಒರಗಿದ ಉಕ್ಕಿನ ಗೋಡೆ. ತುಕ್ಕು ಹಿಡಿಯಲೆಂದೇ ಬಣ್ಣ ಬಳಿಯದೆ ಬಿಟ್ಟದ್ದು. ಅಂಗಳವನ್ನು ಅದು ಎರಡು ಪಾಲು ಮಾಡಿತು. ಕಚೇರಿಗೆ ಬಂದುಹೋಗುವವರು ದಿನಾ ಅದನ್ನು ಸುತ್ತಿ ಹೋಗಬೇಕಾಯಿತು. ಅಂಗಳದ ಜಾಗವನ್ನು ಜನ ಹೊಸದಾಗಿ ಅನುಭವಿಸಬೇಕು ಎಂಬುದೇ ಕಲಾವಿದರ ಉದ್ದೇಶವೂ ಆಗಿತ್ತು. ದೂರುಗಳು ಬಂದವು. 1985ರಲ್ಲಿ ಬಹಿರಂಗ ವಿಚಾರಣೆ ನಡೆಯಿತು. ಇದನ್ನು ಕಿತ್ತರೆ ನಾಶ ಮಾಡಿದಂತೆಯೇ, ಏಕೆಂದರೆ ಇದು ಈ ಸ್ಥಳಕ್ಕೆಂದೇ ಮಾಡಿದ್ದು ಎಂಬುದು ಸೆರ್ರಾ ಅವರ ವಾದ. 1989ರ ಮಾರ್ಚ್‌ನ ಒಂದು ರಾತ್ರಿ ಅದನ್ನು ಕತ್ತರಿಸಿ ಉಗ್ರಾಣಕ್ಕೆ ಸಾಗಿಸಲಾಯಿತು.

ಅದೇ 1981ರಲ್ಲಿ ಮೆಸಾಚುಸೆಟ್ಸ್ ರಾಜ್ಯದ ವಿಂಚೆಂಡನ್ ಎಂಬ ಸಣ್ಣ ಊರಿನಲ್ಲಿ ಹಳೆಯ ಬ್ಯಾಂಕ್ ಕಟ್ಟಡವೊಂದು ಫ್ರೆಡ್ ಸ್ಯಾಂಡ್‌ಬ್ಯಾಕ್ ಮ್ಯೂಸಿಯಂ ಆಗಿ ತೆರೆಯಿತು. ಹಣ ಹಾಕಿದ್ದು ಡಿಯಾ ಪ್ರತಿಷ್ಠಾನ. ಅಲ್ಲಿಯೂ ಕೃತಿಗಳು ಆ ಕಟ್ಟಡಕ್ಕೆಂದೇ ಮೂಡಿದವು. ಆದರೆ ಯಾರ ದಾರಿಯೂ ಮುಚ್ಚಲಿಲ್ಲ, ಯಾವ ಕಿಟಕಿಯ ಬೆಳಕೂ ತಪ್ಪಲಿಲ್ಲ. ಗೋಡೆಗೆ ಒರಗಿದಂತಿರುವ ಒಂದು ತ್ರಿಕೋನ, ಮೂಲೆಯಿಂದ ಮೂಲೆಗೆ ಹರಿದ ಒಂದು ಎಳೆ. ಕೋಣೆ ಇದ್ದಂತೆಯೇ ಇತ್ತು, ಹಾಗಿದ್ದೂ ಬದಲಾಗಿತ್ತು.

ಇಲ್ಲಿ ಸೆರ್ರಾ ಅವರಿಗೆ ಅನ್ಯಾಯ ಮಾಡಬಾರದು. 1985ರ ವಿಚಾರಣೆಯಲ್ಲಿ ಮಾತಾಡಿದವರಲ್ಲಿ 122 ಮಂದಿ ಕೃತಿ ಉಳಿಯಲಿ ಎಂದರು; ತೆಗೆಯಲಿ ಎಂದವರು 58 ಮಂದಿ. ಜನರೆಲ್ಲ ತಿರಸ್ಕರಿಸಿದರು ಎಂಬ ಕತೆ ಪೂರ್ತಿ ನಿಜವಲ್ಲ. ಕಲೆ ಅಂಗಳದ ಕುರ್ಚಿ ಮೇಜಿನಂತೆ ಎಲ್ಲಿಗೆ ಬೇಕಾದರೂ ಎತ್ತಿಡುವ ಸಾಮಾನಲ್ಲ ಎಂಬ ಅವರ ಮಾತಿನಲ್ಲಿ ಹುರುಳಿದೆ. ಅವರ ಉಕ್ಕಿನ ಸುರುಳಿಗಳೂ ಇಂದು ಬೀಕನ್‌ನ ಅದೇ ಕಾರ್ಖಾನೆಯಲ್ಲಿವೆ. ಅವುಗಳ ನಡುವೆ ನಡೆಯುವಾಗ ಆಗುವ ಅಳುಕು, ಬೆರಗು ಎರಡೂ ನಿಜ. ಹಾಗಾದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಸಂಗ್ರಹಾಲಯಕ್ಕೆ ಜನ ಆಯ್ದುಕೊಂಡು ಹೋಗುತ್ತಾರೆ. ಕಚೇರಿಯ ಅಂಗಳದಲ್ಲಿ ಅವರಿಗೆ ಆಯ್ಕೆಯಿಲ್ಲ. ಅಲ್ಲಿ ಕಲಾವಿದರ ಸ್ವಾತಂತ್ರ್ಯ ನಡೆಯುವವರ ಸ್ವಾತಂತ್ರ್ಯಕ್ಕೆ ಎದುರಾಗಿ ನಿಲ್ಲುತ್ತದೆ. ಆ ಎದುರಾಟದಲ್ಲಿ ‘ಇದು ಈ ಸ್ಥಳಕ್ಕೆಂದೇ ಮಾಡಿದ್ದು’ ಎಂಬ ಮಾತು ಕಲಾವಿದರ ಹಕ್ಕುಪತ್ರವಾಗಿಬಿಡುತ್ತದೆ. ಸ್ಯಾಂಡ್‌ಬ್ಯಾಕ್ ಅವರಲ್ಲಿ ಅದೇ ಮಾತು ಹೊಣೆಯಾಗಿದೆ. ಸ್ಥಳ ಮೊದಲು ಬಂತು, ಕೃತಿ ಆಮೇಲೆ ಬಂತು. ಆದ್ದರಿಂದ ಸರಿದುಕೊಳ್ಳಬೇಕಾದದ್ದು ಕೃತಿ.

ಭಾರತದ ನಗರಗಳಲ್ಲಿ ಇದು ದೂರದ ಚರ್ಚೆಯಲ್ಲ. ಗುಜರಾತಿನಲ್ಲಿ 182 ಮೀಟರ್ ಎತ್ತರದ ಪ್ರತಿಮೆ 2018ರಲ್ಲಿ ಎದ್ದಿತು. ಬೆಂಗಳೂರಿನ ವಿಮಾನ ನಿಲ್ದಾಣದ ಬಳಿ 108 ಅಡಿಯ ಕೆಂಪೇಗೌಡರ ಪ್ರತಿಮೆ 2022ರಲ್ಲಿ ಅನಾವರಣಗೊಂಡಿತು. ಪ್ರತಿಮೆ ಎಂದೊಡನೆ ಮೊದಲು ಕೇಳಿಬರುವುದೇ ಅದರ ಎತ್ತರ. ವೃತ್ತಗಳಲ್ಲಿ, ಮೇಲ್ಸೇತುವೆಯ ಕೆಳಗೆ, ಉದ್ಯಾನದ ಬಾಗಿಲಲ್ಲಿ ಅಂದಗೊಳಿಸುವ ಹೆಸರಿನಲ್ಲಿ ಬಂದು ಕೂರುವ ಆಕೃತಿಗಳಲ್ಲಿ ಎಷ್ಟೋ ಬಾರಿ ಕಾಲುದಾರಿಯೇ ಮಾಯವಾಗಿರುತ್ತದೆ. ಸ್ಮಾರಕಗಳೇ ಬೇಡ ಎನ್ನುವುದು ಈ ಮಾತಿನ ಅರ್ಥವಲ್ಲ. ಹಿರಿಯರನ್ನು ನೆನೆಯಲು ಊರಿಗೆ ಹಕ್ಕಿದೆ. ಆದರೆ ಗಾತ್ರವೊಂದೇ ಗೌರವದ ಅಳತೆಗೋಲಾದಾಗ, ನಡೆಯುವವರು ಆ ಜಾಗದ ಮಾಲೀಕರಲ್ಲ, ಪ್ರೇಕ್ಷಕರು ಮಾತ್ರ ಎಂಬ ಸಂದೇಶವೂ ಜೊತೆಗೇ ಹೋಗುತ್ತದೆ.

ಕಾಗದದ ಮೇಲಿನ ಕೋಣೆ

ಸ್ಯಾಂಡ್‌ಬ್ಯಾಕ್ ಬದುಕಿನುದ್ದಕ್ಕೂ ಚಿತ್ರ ಬರೆದರು. ಎಂಜಿನಿಯರಿಂಗ್ ಓದಿದವರಿಗೆ ಮೊದಲ ವರ್ಷದ ಡ್ರಾಯಿಂಗ್ ತರಗತಿ, ಅಲ್ಲಿನ ಐಸೊಮೆಟ್ರಿಕ್ ನೋಟಗಳು ನೆನಪಿರುತ್ತವೆ. ಘನವಸ್ತುವಿನ ಮೂರು ಮುಖಗಳನ್ನು ಒಂದೇ ಚಿತ್ರದಲ್ಲಿ, ದೂರ ಹೋದಂತೆ ಕಿರಿದಾಗಿಸದೆ ತೋರಿಸುವ ವಿಧಾನ. ಅವರ ಬಹಳಷ್ಟು ಚಿತ್ರಗಳ ವಿಧಾನ ಅದೇ. ತೆಳು ಪೆನ್ಸಿಲ್ಲಿನಲ್ಲಿ ಕೋಣೆಯ ಗೋಡೆಗಳು, ಬಾಗಿಲು, ಮೂಲೆ; ಅವುಗಳ ನಡುವೆ ಪ್ಯಾಸ್ಟೆಲ್ ಅಥವಾ ಬಣ್ಣದ ಪೆನ್ಸಿಲ್ಲಿನಲ್ಲಿ ಕೆಂಪು, ನೀಲಿ, ಹಳದಿ ಗೆರೆಗಳು.

ವಾಸ್ತುಶಿಲ್ಪಿಯ ನಕ್ಷೆಗೂ ಇದಕ್ಕೂ ನಡುವಿನ ಅಂತರ ಗಮನಿಸಬೇಕಾದದ್ದು. ಕಟ್ಟಡದ ನಕ್ಷೆಯಲ್ಲಿ ಗೋಡೆಯ ಗೆರೆಯೇ ದಪ್ಪ. ಗೋಡೆ ಏಳುವ ಮೊದಲು ಮೇಸ್ತ್ರಿ ಗೂಟದಿಂದ ಗೂಟಕ್ಕೆ ಎಳೆದು ಕಟ್ಟುವ ದಾರ ಯಾವ ನಕ್ಷೆಯಲ್ಲೂ ಇರುವುದಿಲ್ಲ. ಆ ದಾರ ಹೇಳಿದಂತೆ ಇಟ್ಟಿಗೆ ಕೂರುತ್ತದೆ, ಗೋಡೆ ಎದ್ದ ಮೇಲೆ ದಾರ ಸುತ್ತಿ ಚೀಲಕ್ಕೆ ಹೋಗುತ್ತದೆ. ಸ್ಯಾಂಡ್‌ಬ್ಯಾಕ್ ಅವರ ಚಿತ್ರದಲ್ಲಿ ಇದು ತಿರುಗುಮುರುಗು. ಗೋಡೆ ಮಸುಕು, ದಾರ ಗಾಢ. ಕಟ್ಟಡ ಮುಗಿದ ಮೇಲೆ ಮರಳಿ ಬಂದ ದಾರ ಅದು, ಇಟ್ಟಿಗೆಯನ್ನು ಕರೆಯದೆ ತಾನೇ ನಿಂತದ್ದು.

ಈ ಚಿತ್ರಗಳನ್ನು ಮಾರುಕಟ್ಟೆ ಇಷ್ಟಪಡುತ್ತದೆ, ಅದಕ್ಕೆ ಕಾರಣವೂ ಸ್ಪಷ್ಟ. ಚಿತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗಬಹುದು. ಛಾಯಾಚಿತ್ರವೂ ಅಷ್ಟೇ ಅನುಕೂಲ. ಆದರೆ ಎರಡರಿಂದಲೂ ಮೂಲ ಅನುಭವ ಸಿಗುವುದಿಲ್ಲ. ಫೋಟೊದಲ್ಲಿ ಆ ನೂಲು ಚಿತ್ರದ ಮೇಲೆ ಅಡಿಪಟ್ಟಿ ಇಟ್ಟು ಗೀಚಿದಂತೆ ಕಾಣುತ್ತದೆ. ಗಾಜು ಕಾಣಬೇಕಾದರೆ ಎರಡು ಕಣ್ಣು ಬೇಕು, ನಡೆಯುವ ಕಾಲು ಬೇಕು, ಹೆಜ್ಜೆ ಹೆಜ್ಜೆಗೂ ಗೋಡೆಯ ಎದುರು ಜಾರುವ ಎಳೆ ಬೇಕು. ಮೊಬೈಲ್ ಪರದೆಯಲ್ಲಿ ಪ್ರಪಂಚದ ಎಲ್ಲ ಚಿತ್ರಶಾಲೆಗಳನ್ನು ನೋಡಿ ಮುಗಿಸಬಹುದು ಎಂದು ನಂಬಿರುವ ಕಾಲದಲ್ಲಿ, ಬರಲೇಬೇಕು ಎಂದು ಹಟ ಹಿಡಿಯುವ ಕಲೆ ಇದು. ಪ್ರಖ್ಯಾತ ವರ್ಣಚಿತ್ರಗಳನ್ನು ಪ್ರೊಜೆಕ್ಟರಿನಿಂದ ಗೋಡೆ ನೆಲಗಳ ಮೇಲೆಲ್ಲ ಹರಿಸಿ, ಸಂಗೀತ ಸೇರಿಸಿ ಟಿಕೆಟ್ ಮಾರುವ ಪ್ರದರ್ಶನಗಳು ಈಗ ಮಹಾನಗರಗಳನ್ನು ಸುತ್ತುತ್ತಿವೆ. ಅಲ್ಲಿ ನೋಡುಗರು ಕುಳಿತರೆ ಸಾಕು, ಎಲ್ಲವೂ ಮೈಮೇಲೆ ಬಂದು ಬೀಳುತ್ತದೆ. ಇಲ್ಲಿ ನಡೆಯದವರಿಗೆ ಏನೂ ಕಾಣುವುದಿಲ್ಲ.

ಇದೆಲ್ಲ ಶ್ರೀಮಂತ ದೇಶದ ಹುಚ್ಚಾಟ ಎಂದು ತಳ್ಳಿಹಾಕುವವರು ಬರೋಡಾದ ಕಡೆ ನೋಡಬೇಕು. ಸ್ಯಾಂಡ್‌ಬ್ಯಾಕ್ ನೂಲು ಕಟ್ಟುತ್ತಿದ್ದ ಅದೇ ಎಪ್ಪತ್ತರ ದಶಕದಲ್ಲಿ ನಸ್ರೀನ್ ಮೊಹಮ್ಮದಿ ಅಲ್ಲಿನ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾ ನಕ್ಷೆಗಾರರ ಉಪಕರಣಗಳಿಂದ ಶಾಯಿ, ಪೆನ್ಸಿಲ್ಲುಗಳಲ್ಲಿ ಗೆರೆಗಳನ್ನು ಎಳೆಯುತ್ತಿದ್ದರು. 1990ರಲ್ಲಿ ತೀರಿಕೊಳ್ಳುವವರೆಗೂ ಅವರು ಹಿಡಿದ ದಾರಿ ಅದೇ. ಮಗ್ಗದ ಮೇಲೆ ಬಿಗಿದ ಹಾಸು ನೂಲಿನ ಫೋಟೊಗಳನ್ನೂ ತೆಗೆದಿದ್ದರು. ಅವರು ಯಾರ ಅನುಯಾಯಿಯೂ ಆಗಿರಲಿಲ್ಲ. 2016ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರಾಯರ್ ಸಂಗ್ರಹಾಲಯ ತನ್ನ ಆರಂಭದ ಪ್ರದರ್ಶನಗಳಲ್ಲಿ ಒಂದಾಗಿ ಅವರನ್ನು ಆಯ್ದುಕೊಂಡಿತು. ಗೆರೆ ಯಾವ ದೇಶದ ಸ್ವತ್ತೂ ಅಲ್ಲ. ಮಗ್ಗವಿದ್ದಲ್ಲೆಲ್ಲ ಬಿಗಿದ ಎಳೆಯ ತಿಳಿವಳಿಕೆ ಇದೆ.

ಖಾಲಿ ಜಾಗದ ಬೆಲೆ

‘ಇಷ್ಟು ನೂಲನ್ನು ಯಾರು ಬೇಕಾದರೂ ಕಟ್ಟಬಹುದಲ್ಲ?’ ಎಂಬ ಮಾತಿಗೆ ಉತ್ತರ: ಕಟ್ಟಬಹುದು, ಕಟ್ಟಿಯೇ ನೋಡಬೇಕು. ಮುಂಬೈನ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ನೆಲದಿಂದ ಚಾವಣಿಗೆ ಒಂದು ಎಳೆ ಬಿಗಿದರೆ ಸಂಜೆಯೊಳಗೆ ಅದರ ಮೇಲೆ ಟವೆಲ್ ಒಣಗುತ್ತಿರುತ್ತದೆ. ಆಗ ತಿಳಿಯುತ್ತದೆ, ಈ ಶಿಲ್ಪದಲ್ಲಿ ಅಗ್ಗವಾದದ್ದು ನೂಲು ಮಾತ್ರ. ಅದರ ಸುತ್ತ ಏನನ್ನೂ ಇಡದೆ ಬಿಡುವ ಜಾಗ ದುಬಾರಿ. ಯಾರ ಕೈಯೂ ತಾಗದಂತೆ, ಆದರೆ ಎಲ್ಲರ ಕಾಲಿಗೂ ತೆರೆದಿರುವಂತೆ ನೋಡಿಕೊಳ್ಳುವ ತಾಳ್ಮೆ ಇನ್ನೂ ದುಬಾರಿ.

ಈ ಕಲೆಯ ಮೇಲಿನ ನಿಜವಾದ ಆಕ್ಷೇಪ ಇರಬೇಕಾದದ್ದು ಇಲ್ಲಿ. ಕಾಲ್ನಡಿಗೆಯವರಿಗಾಗಿ ಎಂದು ಹೇಳಿಕೊಂಡ ಕೆಲಸ ಬದುಕಿ ಉಳಿದಿರುವುದು ಹಣವಂತ ಪ್ರತಿಷ್ಠಾನದ ಕಾವಲಿನಲ್ಲಿ, ಟಿಕೆಟ್ ಕೊಂಡವರ ಎದುರು. ವಿಂಚೆಂಡನ್‌ನ ಸಣ್ಣ ಊರಿನ ಮ್ಯೂಸಿಯಂ 1996ರಲ್ಲಿ ಮುಚ್ಚಿತು. ಇಂದು ಕಲಾವಿದರ ಎಸ್ಟೇಟಿನ ಪರವಾಗಿ ಪ್ರದರ್ಶನಗಳನ್ನು ನಡೆಸುವುದು ಜಗತ್ತಿನ ಅತಿದೊಡ್ಡ ಕಲಾ ವ್ಯಾಪಾರಿಗಳಲ್ಲಿ ಒಂದಾದ ಡೇವಿಡ್ ಜ್ವಿರ್ನರ್ ಗ್ಯಾಲರಿ. ಆಕ್ಷೇಪ ಸರಿ. ಆದರೆ ಅದು ಬೊಟ್ಟು ಮಾಡುವುದು ನೂಲಿನ ಕಡೆಗಲ್ಲ. ಖಾಲಿ ಜಾಗವನ್ನು ಕಾಯುವ ಕೆಲಸವನ್ನು ಸಾರ್ವಜನಿಕ ಸಂಸ್ಥೆಗಳು ಕೈಬಿಟ್ಟಿರುವುದರ ಕಡೆಗೆ.

ಇನ್ನೊಂದು ಪ್ರಶ್ನೆ ಇದೆ. ಕಟ್ಟಿದವರೇ ಇಲ್ಲದ ಮೇಲೆ ಬೇರೆಯವರು ಕಟ್ಟಿದ ನೂಲು ಸ್ಯಾಂಡ್‌ಬ್ಯಾಕ್ ಅವರ ಕೃತಿಯೇ? ಅದು ನಕಲು, ಕೈಬರಹವಿಲ್ಲದ ಸಹಿ ಎನ್ನುವವರಿದ್ದಾರೆ. ಅವರ ಅನುಮಾನಕ್ಕೆ ಆಧಾರವಿದೆ. ಸೊಲ್ ಲೆವಿಟ್ ಅವರ ಗೋಡೆ ಚಿತ್ರಗಳಲ್ಲಿ ಲಿಖಿತ ಸೂಚನೆಗಳೇ ಕೃತಿ. ಬೇರೆಯವರು ಬರೆಯಲೆಂದೇ ಅವು ಹುಟ್ಟಿದವು. ಸ್ಯಾಂಡ್‌ಬ್ಯಾಕ್ ಹಾಗಲ್ಲ, ಅವರು ಕೋಣೆಯಲ್ಲಿ ನಿಂತು, ನೋಡಿ, ಎಳೆಯನ್ನು ಅತ್ತಿತ್ತ ಸರಿಸಿ ನಿರ್ಧರಿಸುತ್ತಿದ್ದವರು. ಆದರೆ ಅವರು ತಾವೇ ಒಂದು ಕೃತಿಯನ್ನು ಹೊಸ ಕೋಣೆಗೆ ತಂದಾಗ ಅಳತೆಯನ್ನು ಬದಲಿಸಿ ಮತ್ತೆ ಕಟ್ಟಿದ್ದಾರೆ. ಅಂದರೆ ಮೊದಲ ಎಳೆಯೇ ಪವಿತ್ರವೆಂದು ಅವರು ಎಂದೂ ತಿಳಿದಿರಲಿಲ್ಲ. ರಾಗವೊಂದನ್ನು ಮುಂದಿನ ತಲೆಮಾರು ಹಾಡಿದಂತೆ ಇದನ್ನೂ ಮತ್ತೆ ಕಟ್ಟಬಹುದು, ಕಟ್ಟುತ್ತಲೇ ಇರಬೇಕು. ಷರತ್ತು ಒಂದೇ: ಚಿತ್ರದಲ್ಲಿರುವ ಅಳತೆಯನ್ನು ಕೋಣೆಯ ಮೇಲೆ ಹೇರಬಾರದು, ಮೊದಲು ಕೋಣೆಯ ಮಾತು ಕೇಳಬೇಕು. ಅದನ್ನು ಕಳೆದುಕೊಂಡ ಮರುಕಟ್ಟುವಿಕೆ ಅಲಂಕಾರವಾಗುತ್ತದೆ.

ಅಮೆರಿಕದ ಕಲಾವಿದೆ ಆಂಡ್ರಿಯಾ ಫ್ರೇಜರ್ ಸಂಗ್ರಹಾಲಯಗಳ ಅಧಿಕಾರ, ಹಣ, ಸೋಗುಗಳನ್ನು ಬಯಲಿಗೆಳೆಯುವ ಕೃತಿಗಳಿಂದ ಹೆಸರಾದವರು. ಇಂಥ ಜಾಗಗಳಲ್ಲಿ ಸುಲಭವಾಗಿ ಕರಗುವವರಲ್ಲ. ಅವರು 2006ರಲ್ಲಿ ಬರೆದ ಪ್ರಬಂಧವೊಂದರ ಶೀರ್ಷಿಕೆಯೇ, ಫ್ರೆಡ್ ಸ್ಯಾಂಡ್‌ಬ್ಯಾಕ್ ಅವರ ಕೆಲಸ ನನ್ನನ್ನು ಅಳಿಸುವುದೇಕೆ ಎಂಬ ಪ್ರಶ್ನೆ. ಕಲಾವಿದರು ತಾವು ಹಿಂದೆ ಸರಿದು ಇನ್ನೊಬ್ಬರಿಗೆ ಜಾಗ ಬಿಟ್ಟುಕೊಡುವುದನ್ನು ಅವರು ಅಲ್ಲಿ ಕಂಡರು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ, ಭಾಷೆ ಬೇರೆಯಾದ ಊರಿಂದ ಊರಿಗೆ ಹೋಗಿ ನೆಲೆಯಾದವರಿಗೆ ಈ ಮಾತು ಬೇಗ ಅರ್ಥವಾದೀತು. ‘ಇಲ್ಲಿ ನಿಮಗೂ ಜಾಗವಿದೆ’ ಎಂದು ಒಂದು ಕೋಣೆ ಹೇಳುವುದು ಅಪರೂಪ.

ಆದ್ದರಿಂದ ಕೇಳಬೇಕಾದದ್ದು ದೊಡ್ಡದೇನಲ್ಲ. ಮುಂಬೈನ ಭಾವು ದಾಜಿ ಲಾಡ್ ಸಂಗ್ರಹಾಲಯ ತನ್ನ ಹತ್ತೊಂಬತ್ತನೆಯ ಶತಮಾನದ ಕಟ್ಟಡಕ್ಕೆ ಇಂದಿನ ಕಲಾವಿದರನ್ನು ಕರೆದು, ಹಳೆಯ ವಸ್ತುಗಳ ನಡುವೆಯೇ ಕೆಲಸ ಮಾಡಿಸಿದೆ. ದಾರಿ ಇದೆ ಎಂಬುದಕ್ಕೆ ಅದೇ ಸಾಕ್ಷಿ. ಸರ್ಕಾರಿ ಕಲಾಶಾಲೆಗಳಲ್ಲಿ, ಹೊಸದಾಗಿ ಏಳುತ್ತಿರುವ ಸಂಗ್ರಹಾಲಯಗಳಲ್ಲಿ, ಬೆಂಗಳೂರಿನ ಮಾಣಿಕ್ಯವೇಲು ಮ್ಯಾನ್ಶನ್‌ನಂಥ ಹಳೆಯ ಬಂಗಲೆಗಳಲ್ಲಿ ಒಂದೊಂದು ಕೋಣೆಯನ್ನು ಗಾಜಿನ ಪೆಟ್ಟಿಗೆಗಳಿಂದ ತುಂಬಿಸದೆ ಬಿಡಲಿ. ಆ ಕೋಣೆಯ ಬೆಳಕು, ಮೂಲೆ, ಮೆಟ್ಟಿಲುಗಳನ್ನು ನೋಡಿ ಕೆಲಸ ಮಾಡುವವರನ್ನು ಕರೆಯಲಿ. ಕೃತಿಯನ್ನು ಕೊಳ್ಳಲು ಇಡುವ ಹಣದಲ್ಲಿ ಒಂದು ಪಾಲನ್ನು ಅದನ್ನು ಮತ್ತೆ ಮತ್ತೆ ಕಟ್ಟಲು, ಕಾಯಲು ಇಡಲಿ. ನಗರಪಾಲಿಕೆಗಳು ವೃತ್ತಕ್ಕೆ ಶಿಲ್ಪ ತರಿಸುವ ಮೊದಲು ಆ ವೃತ್ತದಲ್ಲಿ ಬೆಳಗಿನಿಂದ ಸಂಜೆಯವರೆಗೆ ಯಾರು ಯಾವ ಕಡೆ ನಡೆಯುತ್ತಾರೆ ಎಂದು ಒಂದು ದಿನ ನಿಂತು ನೋಡಲಿ. ಗೋಡೆ ಏಳುವ ಮೊದಲು ಮೇಸ್ತ್ರಿ ಮಾಡುವುದೂ ಅಷ್ಟೇ: ದಾರ ಕಟ್ಟಿ, ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡುತ್ತಾನೆ.